ಜಗಳಕ್ಕೆ ಹತ್ತು ನಿಮಿಷ

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಹತ್ತು ಜನರ ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು ನೋಡದ್ದನ್ನು ನೋಡಿದೆ ಎಂದರೆ ವ್ಯಾಪಾರಕ್ಕೇ ಕುತ್ತು. ಆದ್ದರಿಂದ ಆ ಭಾನುವಾರ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಕಾಣದೆ ಹೋದದ್ದನ್ನು ನನ್ನ ಹೆಂಡತಿ ಹೇಳಿದ್ದಾಳೆ. ಅವಳಿಗೆ ಕನ್ನಡಕವಿಲ್ಲದೆಯೇ ಬೀದಿಯ ಎರಡೂ ತುದಿ ಕಾಣುತ್ತದೆ.

ಎದುರುಮನೆಯ ನಿಮಿಷಪ್ಪನಿಗೆ ಆ ಹೆಸರಿಟ್ಟದ್ದು ಅವನ ತಂದೆತಾಯಿಯಲ್ಲ, ನಮ್ಮ ಬೀದಿ. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಎಷ್ಟಕ್ಕೆ ಮುಟ್ಟಬೇಕು ಎಂದು ಹದಿನಾಲ್ಕು ವರ್ಷದಿಂದ ಬರೆಯುತ್ತಾ ಬಂದಿದ್ದಾನೆ. 'ಸಂಜೆ ಬಾರಯ್ಯ' ಎಂದರೆ 'ಆರು ಹದಿನೇಳಕ್ಕೆ ಬರ್ತೀನಿ' ಎಂದು ಹೇಳಿ ಏಳೂವರೆಗೆ ಬರುವ ಆಸಾಮಿ. ಬಂದವನು ಆ ಎಪ್ಪತ್ತಮೂರು ನಿಮಿಷ ಎಲ್ಲೆಲ್ಲಿ ಹೋಯಿತು ಎಂದು ಮಾತ್ರ ಒಂದು ನಿಮಿಷವೂ ತಪ್ಪದಂತೆ ವರದಿ ಒಪ್ಪಿಸುತ್ತಾನೆ.

ಚಳಿಗಾಲ ಬಂತೆಂದರೆ ಊರಾಚೆಯ ದೊಡ್ಡ ಕೆರೆಗೆ ಎಲ್ಲಿಂದಲೋ ಸಾವಿರಾರು ಬಿಳಿ ಹಕ್ಕಿಗಳು ಬರುತ್ತವೆ. ಬೆಳಿಗ್ಗೆ ಮಂಜು ಇರುವ ತನಕ ನೀರಿನ ಮೇಲೆ ಕೂತಿರುತ್ತವೆ. ಬಿಸಿಲು ಬಿತ್ತೋ, ಎಲ್ಲವೂ ಒಟ್ಟಿಗೆ ಎದ್ದು ಹಾರಿಬಿಡುತ್ತವೆ. ಚಳಿ ಮುಗಿಯುವ ಹೊತ್ತಿಗೆ ಊರನ್ನೇ ಬಿಟ್ಟು ಹೋಗುತ್ತವೆ. ಇವನ್ನು ತೋರಿಸುತ್ತೇನೆಂದು ನಿಮಿಷಪ್ಪ ತನ್ನ ಆರು ವರ್ಷದ ಮಗಳು ಪುಟ್ಟಿಗೆ ಮಾತು ಕೊಟ್ಟಿದ್ದ. ಕೊಟ್ಟ ಮಾತು ಮೂರು ಭಾನುವಾರ ಸತತವಾಗಿ ಕೆಟ್ಟಿತ್ತು. ಮೊದಲನೇ ಭಾನುವಾರ ಬೀದಿಯ ತಿರುವಿನ ತನಕ ಹೋಗಿ, ಮರೆತ ಟೋಪಿಗೆಂದು ವಾಪಸು ಬಂದರು. ಅಷ್ಟರಲ್ಲಿ ಅವಳ ತಮ್ಮ, ಎರಡೂವರೆ ವರ್ಷದ ಗುಂಡ ಬೂಟು ಕಳಚಿ ಎಸೆದು, 'ಬರಲ್ಲ' ಎನ್ನಲು ನಾಲಗೆ ತಿರುಗದೆ 'ಬಯ್ಯಲ್ಲ' ಎಂದು ನೆಲಕ್ಕೆ ಬಿದ್ದ. ಎರಡನೇ ಭಾನುವಾರ ಅದೇ ಗುಂಡ ಉಚ್ಚೆ ಬಂತು ಎಂದು ದಾರಿಯಲ್ಲಿ ಏಳು ಕಡೆ ಸ್ಕೂಟರು ನಿಲ್ಲಿಸಿ, ಏಳು ಕಡೆಯೂ ಬರಲಿಲ್ಲ ಎಂದ. ಕೆರೆ ಮುಟ್ಟಿದಾಗ ಅಲ್ಲಿ ನೀರು ಮಾತ್ರ ಇತ್ತು. ಮೂರನೇ ಭಾನುವಾರ ಮುಚ್ಚಿದ ಕಾರ್ಖಾನೆಯ ಗೇಟಿನ ಹತ್ತಿರ ಗಂಡ ಹೆಂಡತಿಗೆ ಜಗಳವಾಗಿ, ಅವಳು ಮಕ್ಕಳನ್ನು ಕರೆದುಕೊಂಡು ಆಟೋದಲ್ಲಿ ಬಂದಳು, ಇವನು ಸ್ಕೂಟರಿನಲ್ಲಿ ಬಂದ. ಎರಡೂ ಒಂದೇ ಹೊತ್ತಿಗೆ ಮನೆಯ ಗೇಟಿಗೆ ಬಂದು, ಯಾರು ಮೊದಲು ಒಳಗೆ ಹೋಗಬೇಕೆಂದು ಮತ್ತೊಂದು ಸುತ್ತು ನಡೆಯಿತು.

ಶಾಲೆಯಲ್ಲಿ ರಜಾದಿನದ ಚಿತ್ರ ಬರೆಯಲು ಹೇಳಿದ್ದರಂತೆ. ಪುಟ್ಟಿ ಕೆರೆ ಬರೆದಿದ್ದಳು, ಮರ ಬರೆದಿದ್ದಳು, ದಡದ ಮೇಲೆ ಅಪ್ಪ, ಅಮ್ಮ, ಗುಂಡನನ್ನೂ ಬರೆದಿದ್ದಳು. ಹಕ್ಕಿ ಎಲ್ಲಿ ಎಂದು ನಾನು ಕೇಳಿದೆ. 'ನೋಡ್ದೆ ಹೇಗೆ ಬರೀಲಿ ಮಾವ?' ಎಂದಳು. ಆ ಮಾತನ್ನು ಅವಳಪ್ಪನೂ ಕೇಳಿಸಿಕೊಂಡ. ಅವನ ಮುಖ ಸಪ್ಪಗಾದದ್ದನ್ನು ನೋಡಲು ಕನ್ನಡಕ ಬೇಕಿರಲಿಲ್ಲ.

ಗುರುವಾರ ಸಂಜೆ ಗಾಯಕ್ಕೆ ಉಪ್ಪು ಬಿತ್ತು. ನಿಮಿಷಪ್ಪನ ಭಾವಮೈದುನ ಪ್ರತಿ ಭಾನುವಾರ ಸಂಸಾರ ಸಮೇತ ಎಲ್ಲಿಗಾದರೂ ಹೋಗಿ, ಮಕ್ಕಳು ಕುದುರೆಯ ಮೇಲೆ, ಮಕ್ಕಳು ದೋಣಿಯ ಒಳಗೆ, ಮಕ್ಕಳು ಜಾರುಬಂಡೆಯ ಕೆಳಗೆ ಎಂದು ಫೋಟೋ ಕಳಿಸುವ ಮನುಷ್ಯ. ಅವನು ಫೋನು ಮಾಡಿದ. ಫೋನು ಅಡಿಗೆಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿತ್ತು.

"ಭಾವ, ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ. ಹಕ್ಕಿಗಳು ಇನ್ನೊಂದು ವಾರ ಇದ್ರೆ ಹೆಚ್ಚು. ಮಕ್ಕಳನ್ನ ನಮ್ಮ ಜೊತೆ ಕಳ್ಸಿಬಿಡಿ."

"ಅಪ್ಪಾ, ಮಾಮನ ಜೊತೆ ಹೋಗ್ಲಾ?" ಎಂದಳು ಪುಟ್ಟಿ.

"ಬೇಡ," ಎಂದ ನಿಮಿಷಪ್ಪ. "ಈ ಭಾನುವಾರ ನಾನೇ ತೋರಿಸ್ತೀನಿ. ಕಾರ್ಯಕ್ರಮ ಆಗ್ಲೇ ಸಿದ್ಧವಾಗಿದೆ. ಲಿಖಿತವಾಗಿ ಸಿದ್ಧವಾಗಿದೆ."

ಸಿದ್ಧವಾಗಿರಲಿಲ್ಲ. ಆಮೇಲೆ ಅವನೇ ಹೇಳಿದ ಪ್ರಕಾರ, ಶುಕ್ರವಾರ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಅವನು ಅದನ್ನು ಸಿದ್ಧಮಾಡಲು ಕೂತ. ಮೂರು ಭಾನುವಾರ ಯಾಕೆ ಸೋತೆವು? ಅನಾಹುತಗಳಿಗೆ ಸಮಯ ಕೊಡದೆ ಸೋತೆವು. ಬಸ್ಸಿನ ವೇಳಾಪಟ್ಟಿಯಲ್ಲಿ ರೈಲ್ವೆ ಗೇಟಿಗೆ ಆರು ನಿಮಿಷ, ಸಂತೆಯ ಜನಜಂಗುಳಿಗೆ ನಾಲ್ಕು ನಿಮಿಷ ಎಂದು ಬಿಡುವುದಿಲ್ಲವೇ? ಸಂಸಾರಕ್ಕೂ ಬಿಡಬೇಕು. ಅವನಿಗೆ ಬರೆಯಲು ಗೊತ್ತಿದ್ದದ್ದು ಒಂದೇ ನಮೂನೆ, ಮುಂದಿದ್ದದ್ದೂ ಅದೇ ಅಚ್ಚಾದ ಕಾಗದ. ಅದನ್ನೇ ತುಂಬಿದ:

ವಿಶೇಷ ಸಂಚಾರ, ಭಾನುವಾರ. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಮಾತ್ರ.
7.10: ಹಸಿರು ಗೇಟಿನ ಮನೆಯಿಂದ ಹೊರಡುವುದು.
7.14: ಮರೆತ ಟೋಪಿಗಾಗಿ ವಾಪಸು ಬರುವುದು.
7.20: ಎರಡನೇ ಸಲ ಹೊರಡುವುದು.
7.45: ನೀರಿನ ಟ್ಯಾಂಕು. ಉಚ್ಚೆ, 6 ನಿಮಿಷ. ಬಾರದಿದ್ದರೂ ಕಾಯುವುದು.
8.20: ಕಾರ್ಖಾನೆ ಗೇಟು. ಜಗಳ, 10 ನಿಮಿಷ.
8.30: ರಾಜಿ, 2 ನಿಮಿಷ.
9.05: ಕೆರೆ. ಹಕ್ಕಿ.
9.25: ವಾಪಸು.

ಬರೆದು ಓದಿಕೊಂಡಾಗ ಅವನಿಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು. ಇಲ್ಲಿಯ ತನಕ ಎಲ್ಲವೂ ಸರಿ. ಆದರೆ ಹದಿನಾಲ್ಕು ವರ್ಷದ ಕೈಗೆ ಒಂದು ಅಭ್ಯಾಸವಿತ್ತು: ಏನೇ ಬರೆದರೂ ಮೂರು ಪ್ರತಿ ತೆಗೆಯುವುದು. ಮೂರು ತೆಗೆದ. ಒಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಉಳಿದೆರಡನ್ನು ಅದೇ ಕೈ, ಅವನನ್ನು ಒಂದು ಮಾತೂ ಕೇಳದೆ, ಸಹಿಗೆ ಹೋಗುವ ಕಾಗದಗಳ ತಟ್ಟೆಯಲ್ಲಿ ಇಟ್ಟುಬಿಟ್ಟಿತು.

ಡಿಪೋ ಮ್ಯಾನೇಜರು ಶುಕ್ರವಾರ ಸಂಜೆ ಕಾಗದ ಓದುವುದಿಲ್ಲ. ಸೋಮವಾರದಿಂದ ಗುರುವಾರದ ತನಕವೂ ಓದುವುದಿಲ್ಲವಂತೆ, ಶುಕ್ರವಾರ ಮಾತ್ರ ಅದನ್ನು ಬಚ್ಚಿಡುವುದಿಲ್ಲ. ಸಹಿ ಬಿತ್ತು, ಸೀಲು ಬಿತ್ತು. ಒಂದು ಪ್ರತಿ ಬಸ್ಸನ್ನೂ ಡ್ರೈವರು ಕಂಡಕ್ಟರನ್ನೂ ಗೊತ್ತುಮಾಡುವ ಮೇಜಿಗೆ ಹೋಯಿತು. ಇನ್ನೊಂದು ಪ್ರತಿ ನಕಲಾಗಿ ಎಲ್ಲ ನಿಲ್ದಾಣಗಳಲ್ಲೂ ಅಂಟಿತು. ಶನಿವಾರ ಸಂಜೆ ಅಂಗಡಿ ಮುಚ್ಚಿ ಬರುವಾಗ ನಮ್ಮ ನಿಲ್ದಾಣದಲ್ಲಿ ನಾನೂ ನೋಡಿದೆ. ಮೇಲಿನ ಎರಡು ಸಾಲು ಓದಿ, ಎದುರುಮನೆಯವನು ಬೀದಿಗೆಂದು ಎಂಥ ಕೆಲಸ ಮಾಡಿದ್ದಾನೆ ಎಂದು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ನಮಗೂ ನಾಲ್ಕು ವರ್ಷದ ಅವಳಿ ಗಂಡುಮಕ್ಕಳಿದ್ದಾರೆ. ಭಾನುವಾರವೆಂದರೆ ಅವರನ್ನು ಎಲ್ಲಿ ಕಟ್ಟಿಹಾಕುವುದೆಂಬುದೇ ನಮ್ಮ ಚಿಂತೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಿಮಿಷಪ್ಪ ಸ್ಕೂಟರು ಹೊರಗೆ ತರಲು ಗೇಟು ತೆಗೆದ. ಎದುರಿಗೆ ಮಂಜು. ಮಂಜಿನೊಳಗೆ ಉಣ್ಣೆಯ ಟೋಪಿ ಹಾಕಿಕೊಂಡ ಒಂದು ಊರೇ ನಿಂತಿತ್ತು. ಎತ್ತಿಕೊಂಡ ಮಕ್ಕಳು, ಎಳೆದುಕೊಂಡು ಬಂದ ಮಕ್ಕಳು, ತಳ್ಳುಗಾಡಿಯಲ್ಲಿ ಮಲಗಿದ ಮಕ್ಕಳು, ಹಾಲಿನ ಬಾಟಲಿ, ಬಿಸ್ಕತ್ತಿನ ಡಬ್ಬಿ. ಅವರ ಹಿಂದೆ ದೀಪ ಹಚ್ಚಿಕೊಂಡು ಒಂದು ಬಸ್ಸು. ಬಸ್ಸಿನ ಮೆಟ್ಟಿಲ ಮೇಲೆ ಖಾಕಿ ಕೋಟಿನ ಕಂಡಕ್ಟರಮ್ಮ, ಬಾಯಲ್ಲಿ ಸೀಟಿ, ಕೈಯಲ್ಲಿ ಕಾಗದ. ಇವರು ಗಡಿಯಾರಕ್ಕೂ ಕಾಗದಕ್ಕೂ ಬಿಟ್ಟರೆ ಯಾರಿಗೂ ಬಗ್ಗುವವರಲ್ಲ ಎಂದು ಊರಿಗೆಲ್ಲ ಗೊತ್ತು.

"ಹಸಿರು ಗೇಟು ಇದೇ ತಾನೆ? ಹತ್ತಿ, ಹತ್ತಿ! ಇನ್ನು ಒಂಬತ್ತು ನಿಮಿಷ ಇದೆ!"

ನಿಮಿಷಪ್ಪ ಜೇಬಿನ ಕಾಗದ ತೆಗೆದು ನೋಡಿದ. ಅವರ ಕೈಯಲ್ಲಿದ್ದ ಕಾಗದ ನೋಡಿದ. ಅದರ ಕೆಳಗಿನ ಸಹಿ ನೋಡಿದ. ಆಮೇಲೆ ಆ ಗುಂಪಿನಲ್ಲಿ ಹೆಂಡತಿ ಮಕ್ಕಳೊಂದಿಗೆ ನಿಂತಿದ್ದ ನನ್ನ ತೋಳು ಹಿಡಿದು ಗೇಟಿನ ಹಿಂದಕ್ಕೆ ಎಳೆದುಕೊಂಡ.

"ಕಾಗದ ನಂದು ಕಣಯ್ಯ. ನನ್ನ ಸ್ವಂತದ್ದು. ಮೂರು ಪ್ರತಿ ತೆಗೆದ್ಬಿಟ್ಟೆ."

"ಹಾಗಾದ್ರೆ ಹೇಳ್ಬಿಡು. ತಪ್ಪಾಯ್ತು ಅಂದ್ರೆ ಮುಗೀತು."

"ಹೇಳಿದ್ರೆ ಈಗಿಂದೀಗ್ಲೇ ಡಿಪೋಗೆ ಕರ್ಕೊಂಡು ಹೋಗಿ ಹೇಳಿಕೆ ಬರೆಸ್ಕೋತಾರೆ. ಹೇಳಿಕೆ, ಅದಕ್ಕೆ ಮೂರು ಪ್ರತಿ, ಎಲ್ಲಾ ಆಗೋ ಹೊತ್ತಿಗೆ ಹತ್ತು ಗಂಟೆ. ಹಕ್ಕಿ ಹೋಗಿರುತ್ತೆ." ಅವನು ಮಗಳ ಕಡೆ ನೋಡಿದ. ಪುಟ್ಟಿ ಹಿಂದಿನ ರಾತ್ರಿ ಬೂಟು ಹಾಕಿಕೊಂಡೇ ಮಲಗಿದ್ದವಳು, ಬೆಳಕು ಹರಿಯುವ ಮೊದಲೇ ಎದ್ದು ಕೂತವಳು, ಗೇಟಿನ ಕಂಬಿ ಹಿಡಿದು ಬಸ್ಸನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಮೊದ್ಲು ಹಕ್ಕಿ ತೋರಿಸ್ತೀನಿ. ಆಮೇಲೆ ಕೆಲಸದಿಂದ ತೆಗೀಲಿ, ನೇಣಿಗೆ ಹಾಕ್ಲಿ, ಏನಾದ್ರೂ ಮಾಡ್ಕೊಳ್ಲಿ."

"ಅಪ್ಪಾ, ಈ ಬಸ್ಸು ನಮಗೇನಾ?" ಎಂದಳು ಪುಟ್ಟಿ.

"ನಮಗೇ," ಎಂದು ಅವನು ಅವಳನ್ನು ಎತ್ತಿಕೊಂಡು ಹತ್ತಿದ.

ಸರಿಯಾಗಿ ಏಳು ಹತ್ತಕ್ಕೆ ಬಸ್ಸು ಹೊರಟಿತು. ಬೀದಿಯ ತಿರುವಿನ ತನಕ ಹೋಯಿತು. ಅಲ್ಲಿ ಕಂಡಕ್ಟರಮ್ಮ ಉದ್ದಕ್ಕೆ ಒಂದು ಸೀಟಿ ಊದಿದರು.

"ಏಳು ಹದಿನಾಲ್ಕು. ಮರೆತ ಟೋಪಿಗಾಗಿ ವಾಪಸ್ಸು!"

ಡ್ರೈವರು ಬಸ್ಸನ್ನು ತಿರುಗಿಸಿ ಹಸಿರು ಗೇಟಿನ ಮುಂದೆ ತಂದು ನಿಲ್ಲಿಸಿದ. ನಿಮಿಷಪ್ಪನ ಹೆಂಡತಿ ಗಂಡನ ಕಡೆ ನಿಧಾನವಾಗಿ ತಿರುಗಿದಳು. ಅವಳು ಆ ಕಾಗದವನ್ನು ಅಲ್ಲಿಯ ತನಕ ಓದಿರಲಿಲ್ಲ.

"ನಾವ್ಯಾರೂ ಟೋಪಿ ಮರೆತಿಲ್ಲ ಕಂಡಕ್ಟರಮ್ಮ," ಎಂದ ನಿಮಿಷಪ್ಪ.

"ಮರೆತಿಲ್ಲ ಅಂದ್ರೆ ಹೇಗೆ? ಬರೆದಿದೆ. ಆರು ನಿಮಿಷ ಇದೆ, ಎಲ್ಲರೂ ಒಂದ್ಸಲ ನೋಡ್ಕೊಳ್ಳಿ."

ಎಲ್ಲರೂ ನೋಡಿಕೊಂಡರು. ಮೂಲೆಮನೆಯವರು ಹಾಲಿನ ಬಾಟಲಿ ಬಿಟ್ಟು ಬಂದಿದ್ದರು. ಹೊಲಿಗೆಯವಳು ಮಗುವಿನ ಒಂದು ಕಾಲಿಗೆ ಬೂಟು ಹಾಕಿರಲಿಲ್ಲ. ಕೆಳಮನೆಯವರು ಅಜ್ಜಿಯನ್ನೇ ಮರೆತಿದ್ದರು. ಅವರು ಸ್ವೆಟರು ತೊಟ್ಟು, ಕೈಚೀಲ ಹಿಡಿದು, ಬಾಗಿಲಲ್ಲಿ ನಿಂತು ಇಡೀ ವಂಶವನ್ನು ಹೆಸರು ಹಿಡಿದು ಬೈಯುತ್ತಿದ್ದರು. ನನ್ನ ಹೆಂಡತಿ ನಮ್ಮ ಅವಳಿಗಳನ್ನು ಎಣಿಸಿದಳು. ಒಬ್ಬನೇ ಇದ್ದ. ಇನ್ನೊಬ್ಬ ಬಚ್ಚಲುಮನೆಯಲ್ಲಿ ಸೋಪಿನ ಜೊತೆ ಆಡುತ್ತಿದ್ದ. ಅವನನ್ನು ಒದ್ದೆ ಕೈಕಾಲಲ್ಲೇ ಎತ್ತಿಕೊಂಡು ಓಡಿ ಬಂದಾಗ ಇಡೀ ಬಸ್ಸು ಸಾರಿಗೆಯವರ ದೂರದೃಷ್ಟಿಯನ್ನು ಕೊಂಡಾಡುತ್ತಿತ್ತು.

"ನೋಡಿ, ಇಂಥದ್ದನ್ನೆಲ್ಲ ಮೊದಲೇ ಯೋಚಿಸಿದಾರಲ್ಲ. ಬರೆದೋರು ಮಕ್ಕಳಿಂದ ನೊಂದಿರೋರೇ ಇರ್ಬೇಕು," ಎಂದರು ಅಜ್ಜಿ.

ನೊಂದವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ.

ಏಳು ನಲವತ್ತೈದಕ್ಕೆ ನೀರಿನ ಟ್ಯಾಂಕು. ಕಂಡಕ್ಟರಮ್ಮ ಸೀಟಿ ಊದಿ, ಸಂಕೋಚವಿಲ್ಲದೆ ನಿಲುಗಡೆಯ ಉದ್ದೇಶವನ್ನು ಘೋಷಿಸಿದರು. ಇಪ್ಪತ್ತೆಂಟು ಮಕ್ಕಳು ಟ್ಯಾಂಕಿನ ಹಿಂದೆ ಸಾಲಾಗಿ ನಿಂತರು. ಇಪ್ಪತ್ತೇಳು ಮಕ್ಕಳು ಕೆಲಸ ಮುಗಿಸಿದರು. ಗುಂಡ ಆಕಾಶ ನೋಡುತ್ತಾ ನಿಂತ.

"ಬಯ್ಯಲ್ಲ," ಎಂದ.

"ಬಾರದಿದ್ದರೂ ಕಾಯುವುದು ಅಂತಿದೆ. ಕಾಯೋಣ," ಎಂದು ಕಂಡಕ್ಟರಮ್ಮ ಗಡಿಯಾರ ಹಿಡಿದು ಅವನ ಪಕ್ಕದಲ್ಲೇ ನಿಂತರು.

ಕಾಯುತ್ತಿರುವಾಗ ಟ್ಯಾಂಕಿನ ನಿಲ್ದಾಣದಿಂದ ಒಂದು ಸಂಸಾರ ಬಸ್ಸು ಹತ್ತಿತು. ಮುಂದೆ ಮುಖವರಳಿಸಿಕೊಂಡ ಹೆಂಗಸು, ನಡುವೆ ಇಬ್ಬರು ಮಕ್ಕಳು, ಹಿಂದೆ ಕೋತಿಟೋಪಿ ಹಾಕಿಕೊಂಡು, ನಿದ್ದೆಗಣ್ಣಲ್ಲಿ, ಎಲ್ಲಿಗೆ ಬಂದೆನೆಂದು ತಿಳಿಯದ ಡಿಪೋ ಮ್ಯಾನೇಜರು. ಅವರನ್ನು ನೋಡಿದ್ದೇ ನಿಮಿಷಪ್ಪ ಜೇಬಿನ ಕಾಗದವನ್ನು ಇನ್ನೂ ಒಳಕ್ಕೆ ತುರುಕಿಕೊಂಡ. ಮ್ಯಾನೇಜರು ಅವನನ್ನು ಹಿಂದಿನ ಸೀಟಿಗೆ ಕರೆದುಕೊಂಡು ಹೋದರು. ನಾನು ಅದರ ಮುಂದಿನ ಸೀಟಿನಲ್ಲಿದ್ದೆ, ಕಿವಿಯನ್ನು ಎಲ್ಲಿಡಲಿ?

"ಏನ್ರೀ ಇದು? ಈ ಗಾಡಿ ನಾನ್ಯಾವಾಗ ಮಂಜೂರು ಮಾಡಿದೆ?"

"ಶುಕ್ರವಾರ ಸಾರ್. ನಿಮ್ಮ ಸಹಿ ಇದೆ ಸಾರ್."

"ಸಹಿ ಬಿಡ್ರೀ, ಅದು ಎಲ್ಲಾದ್ರ ಮೇಲೂ ಇರುತ್ತೆ. ಬರೆದೋನು ಯಾರು? ಯಾರೇ ಆಗ್ಲಿ, ನಾಳೆ ಅವನ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ."

ನಿಮಿಷಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರ ಹೆಂಡತಿ ಮುಂದಿನಿಂದ ಕೂಗಿದರು.

"ನೋಡಿ, ಎಂಟು ವರ್ಷದಿಂದ ಭಾನುವಾರ ಅಂದ್ರೆ ಮಲಗಿರೋದು ಒಂದೇ ಇವರಿಗೆ ಗೊತ್ತು ಅಂತ ಬೈತಿದ್ದೆ. ನಿಲ್ದಾಣದಲ್ಲಿ ಕಾಗದ ಓದಿದ ಮೇಲೆ ಗೊತ್ತಾಯ್ತು, ಇವರ ತಲೇಲಿ ಮಕ್ಕಳದೇ ಯೋಚನೆ ಅಂತ. ನಂಗೆ ಒಂದು ಮಾತೂ ಹೇಳಿಲ್ಲ ಪುಣ್ಯಾತ್ಮ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜಿ 'ನೂರು ವರ್ಷ ಬಾಳಪ್ಪ' ಎಂದರು. ಮ್ಯಾನೇಜರು ಕೋತಿಟೋಪಿಯೊಳಗೇ ನಾಚಿ, ಏನೋ ತಮ್ಮಿಂದಾದ ಅಲ್ಪಸೇವೆ ಎಂಬಂತೆ ಕೈಯಾಡಿಸಿದರು. ನಿಮಿಷಪ್ಪ ತೆರೆದ ಬಾಯನ್ನು ಮುಚ್ಚಿಕೊಂಡ. ಹೊರಗೆ ಆರು ನಿಮಿಷ ಮುಗಿದು, ಗುಂಡ ಒಂದು ಹನಿಯೂ ಬಿಡದೆ ವಿಜಯಿಯಾಗಿ ಬಸ್ಸು ಹತ್ತಿದ.

ಎಂಟು ಇಪ್ಪತ್ತಕ್ಕೆ ಬಸ್ಸು ಮುಚ್ಚಿದ ಕಾರ್ಖಾನೆಯ ಗೇಟಿನ ಮುಂದೆ ನಿಂತಿತು. ಈ ನಿಲುಗಡೆಯನ್ನು ನಾನು ಜೀವವಿರುವ ತನಕ ಮರೆಯಲಾರೆ.

"ಜಗಳ! ಹತ್ತು ನಿಮಿಷ!" ಎಂದರು ಕಂಡಕ್ಟರಮ್ಮ.

ಯಾರೂ ಅಲುಗಾಡಲಿಲ್ಲ.

"ಬೇಗ ಬೇಗ ಶುರು ಮಾಡ್ಕೊಳ್ಳಿ. ಜಗಳ ಆಗದೆ ಗಾಡಿ ಮುಂದಕ್ಕೆ ಹೋಗಲ್ಲ. ಆಮೇಲೆ ತಡ ಆಯ್ತು ಅಂತ ನನ್ನ ಮೇಲೆ ದೂರು ಹೇಳ್ಬೇಡಿ."

"ಏನ್ರೀ, ಜಗಳ ಅಂತ ಹಾಕಿದೀರಲ್ಲ, ಏನದು?" ಎಂದು ಮ್ಯಾನೇಜರ ಹೆಂಡತಿ ಗಂಡನನ್ನು ಕೇಳಿದರು.

ಮ್ಯಾನೇಜರು ಕಾಗದ ಇಸಿದುಕೊಂಡು ನೋಡಿದರು. ತಾವೇ ಸಹಿ ಹಾಕಿದ ಆಜ್ಞೆಯ ಅರ್ಥ ಹೇಳಬೇಕಾದ ಕಷ್ಟ ಹಗೆಯವರಿಗೂ ಬೇಡ. "ಅದು... ಸಂಸಾರಸ್ಥರಿಗೆ ಅಂತ ವಿಶೇಷ ಸೌಲಭ್ಯ ಕಣೇ," ಎಂದರು.

ಆಗ ನಿಮಿಷಪ್ಪನ ಹೆಂಡತಿ ಎದ್ದು ನಿಂತಳು. ಮೆಲುದನಿಯಲ್ಲೇ ಶುರುಮಾಡಿದಳು.

"ಅಲ್ರೀ, ಜಗಳ ಅಂತ ಮೊದಲೇ ಬರೆದಿಟ್ಟಿದೀರಾ? ನಾನೇನು ಜಗಳಗಂಟಿನಾ?"

"ಮೆಲ್ಲಗೆ ಕಣೇ. ಹೋದ ವಾರ ಇಪ್ಪತ್ತೆರಡು ನಿಮಿಷ ಆಗಿತ್ತು. ನಿನ್ನ ಮೇಲೆ ನಂಬಿಕೆ ಇಟ್ಟು ಹತ್ತೇ ಹಾಕಿದೀನಿ."

"ಇಪ್ಪತ್ತೆರಡು ನಿಮಿಷ ಅಂತ ನೋಡ್ಕೊಂಡಿದ್ರಾ? ನಾನು ಕಣ್ಣೀರು ಹಾಕ್ತಿದ್ದಾಗ ನೀವು ಗಡಿಯಾರ ನೋಡ್ತಿದ್ರಾ?"

ಮಿಕ್ಕದ್ದನ್ನು ಬರೆಯುವುದಿಲ್ಲ, ನಾನೂ ಸಂಸಾರಸ್ಥ. ಬೆಂಕಿ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಹಾರಿತು. ಮೂಲೆಮನೆಯವರು ಹಾಲಿನ ಬಾಟಲಿ ಯಾರು ಮರೆತದ್ದೆಂದು ಹಿಡಿದರು. ಅಜ್ಜಿಯ ಮಗ, ಸೊಸೆ, ಅಜ್ಜಿ ಮೂವರೂ ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ನನ್ನ ಹೆಂಡತಿ ಮದುವೆಯಾದ ವರ್ಷದಿಂದ ಶುರುಮಾಡಿ, ನಾನು ಮಗುವನ್ನು ಬಚ್ಚಲಲ್ಲಿ ಬಿಟ್ಟು ಬಂದ ಬೆಳಿಗ್ಗೆಯ ಕಡೆಗೆ ಕ್ರಮವಾಗಿ ಬರುತ್ತಿದ್ದಳು. ಮ್ಯಾನೇಜರ ಹೆಂಡತಿ ಕೂಡ ಸೌಲಭ್ಯವನ್ನು ಯಾಕೆ ಬಿಡಬೇಕೆಂದು ಬಳಸಿಕೊಂಡರು. ಮಕ್ಕಳು ಮಾತ್ರ ಒಬ್ಬರ ಬಿಸ್ಕತ್ತನ್ನೊಬ್ಬರು ತಿನ್ನುತ್ತಾ, ಇಷ್ಟು ಒಳ್ಳೆಯ ಭಾನುವಾರ ಹಿಂದೆಂದೂ ಬಂದಿರಲಿಲ್ಲ ಎಂಬಂತೆ ನೋಡುತ್ತಿದ್ದರು.

ಸೀಟಿ ಕೂಗಿತು. "ಎಂಟೂವರೆ! ಜಗಳ ಮುಗೀತು. ರಾಜಿ, ಎರಡು ನಿಮಿಷ!"

"ನಂದಿನ್ನೂ ಅರ್ಧ ಇದೆ," ಎಂದಳು ನನ್ನ ಹೆಂಡತಿ.

"ಉಳಿದದ್ದು ಮನೇಲಿ ಮಾಡ್ಕೊಳಮ್ಮ. ನನ್ನ ಗಾಡೀಲಿ ಬರೆದಷ್ಟೇ."

ನಂಬಿದರೆ ನಂಬಿ, ರಾಜಿಗೆ ಎರಡು ನಿಮಿಷ ಸಾಕಾಯಿತು. ಕಾಗದದಲ್ಲೇ ಇದ್ದದ್ದರಿಂದ ಯಾರು ಮೊದಲು ಸೋಲಬೇಕೆಂಬ ಪ್ರಶ್ನೆಯೇ ಬರಲಿಲ್ಲ. ನಿಮಿಷಪ್ಪನ ಹೆಂಡತಿ ಕಣ್ಣೊರೆಸಿಕೊಂಡು, "ಇಷ್ಟೆಲ್ಲ ಯಾತಕ್ಕೆ ಹಾಕಿದ್ರಿ?" ಎಂದಳು. "ನಾವು ಜಗಳ ಆಡಿದ್ರೂ ಹಕ್ಕಿ ತಪ್ಪಬಾರದು ಅಂತ," ಎಂದ ಅವನು. ಅವಳು ತನ್ನ ಶಾಲಿನ ಅರ್ಧ ಭಾಗವನ್ನು ಅವನ ಹೆಗಲಿಗೆ ಹೊದಿಸಿದಳು.

ಒಂಬತ್ತು ಐದು. ಮೂವತ್ತು ಸೆಕೆಂಡೂ ಆಚೀಚೆಯಾಗಲಿಲ್ಲ, ಬಸ್ಸು ಕೆರೆಯ ದಡದಲ್ಲಿ ನಿಂತಿತು. ಎಲ್ಲ ಅನಾಹುತಗಳಿಗೂ ಸಮಯವಿಟ್ಟಿದ್ದ ಆ ವೇಳಾಪಟ್ಟಿಯನ್ನು ಸೋಲಿಸುವ ಅನಾಹುತ ದಾರಿಯಲ್ಲಿ ಇರಲೇ ಇಲ್ಲ. ಮಂಜಿನ ಕೆಳಗೆ ನೀರು ತುಂಬ ಬಿಳಿ ಹಕ್ಕಿ. ಮಕ್ಕಳು ಹೋ ಎಂದು ಕೂಗುತ್ತಾ ಇಳಿದರು.

"ಪುಟ್ಟೀ, ಬಂತು ನೋಡು!" ಎಂದು ನಿಮಿಷಪ್ಪ ತಿರುಗಿದ.

ಪುಟ್ಟಿ ಅಮ್ಮನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ನಿಮಿಷಪ್ಪ ಕಾಗದ ಬಿಡಿಸಿ ಮೇಲಿನಿಂದ ಕೆಳಗೆ ಓದಿದ. ಟೋಪಿ ಇತ್ತು, ಉಚ್ಚೆ ಇತ್ತು, ಜಗಳ ಇತ್ತು. ನಿದ್ದೆ ಇರಲಿಲ್ಲ. ಅವನು ಅವಳನ್ನು ಕರೆದ, ಅಲುಗಾಡಿಸಿದ, ಎತ್ತಿ ನಿಲ್ಲಿಸಿದ. ನಿಂತವಳು ಹಾಗೇ ಅವನ ಕಾಲಿನ ಮೇಲೆ ಕುಸಿದು ಮಲಗಿದಳು. ಅಜ್ಜಿ ಪಾದಕ್ಕೆ ಕಚಗುಳಿ ಇಡಿ ಎಂದರು. ನನ್ನ ಹೆಂಡತಿ ಮುಖಕ್ಕೆ ತಣ್ಣೀರು ಹಾಕಿ ಎಂದಳು. ಎಲ್ಲವೂ ಆಯಿತು. ಒಂದು ಸಲ ಒಂದು ಕಣ್ಣು ತೆರೆದು, "ಶಾಲೆ ಇವತ್ತಿಲ್ಲ," ಎಂದು ಹೇಳಿ ಮತ್ತೆ ಮುಚ್ಚಿಕೊಂಡಳು. ಕೆರೆಯ ಕಾವಲುಗಾರ ಬೇರೆ ಬಂದು, "ಬಿಸಿಲು ಬಂತಂದ್ರೆ ಎದ್ದುಬಿಡ್ತಾವೆ ಸ್ವಾಮಿ. ಇವತ್ತು ಎದ್ದವು ವಾಪಸು ಬರ್ತಾವೋ ಇಲ್ವೋ, ಊರು ಬಿಡೋ ಕಾಲ," ಎಂದ. ನಿಮಿಷಪ್ಪ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ದಡದ ತುದಿಗೆ ಹೋಗಿ ನಿಂತ.

ಒಂಬತ್ತು ಇಪ್ಪತ್ತೈದಕ್ಕೆ ಸೀಟಿ ಕೂಗಿತು. "ವಾಪಸ್ಸು! ಎಲ್ಲರೂ ಹತ್ತಿ!" ಡ್ರೈವರು ಇಂಜಿನ್ನು ಹಚ್ಚಿದ. ನಿಮಿಷಪ್ಪ ಮಗಳನ್ನು ಹೊತ್ತುಕೊಂಡೇ ಬಂದು ಬಸ್ಸಿನ ಮುಂದೆ ಅಡ್ಡ ನಿಂತ.

"ಗಾಡಿ ಹೊರಡೋ ಹಾಗಿಲ್ಲ."

"ಬರಹದಲ್ಲಿ ಕೊಡಿ," ಎಂದರು ಕಂಡಕ್ಟರಮ್ಮ.

ಅವನು ಕಾಗದವನ್ನು ಬಸ್ಸಿನ ಮೂತಿಯ ಮೇಲಿಟ್ಟು, ಒಂದು ಕೈಯಲ್ಲಿ ಮಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ 9.25ನ್ನು ಹೊಡೆದುಹಾಕಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಬರೆಯಲು ಅಂಕಿ ಸಿಗಲಿಲ್ಲ. ಕೊನೆಗೆ ಬರೆದು ಮ್ಯಾನೇಜರ ಮುಂದೆ ಹಿಡಿದ. ಮ್ಯಾನೇಜರು ಅಭ್ಯಾಸದಂತೆ ಪೆನ್ನು ತೆಗೆದರು; ಹೆಂಡತಿ ಪಕ್ಕದಲ್ಲೇ ಇದ್ದಾಳೆಂದು ನೆನಪಾಗಿ, ಗಟ್ಟಿಯಾಗಿ ಓದಿದರು.

"ವಾಪಸು ಹೊರಡುವುದು: ಪುಟ್ಟಿ ಏಳುವ ತನಕ ಇಲ್ಲ. ಪುಟ್ಟಿ ಅಂದ್ರೆ ಯಾರ್ರೀ?"

"ನನ್ನ ಮಗಳು ಸಾರ್. ಈ ಕಾಗದ ನಂದು ಸಾರ್. ಟೋಪಿ ನಮ್ಮದು, ಜಗಳ ನಮ್ಮದು. ನನ್ನ ಮನೆಗೆ ಅಂತ ಬರ್ಕೊಂಡಿದ್ದೆ, ಕೈತಪ್ಪಿ ನಿಮ್ಮ ತಟ್ಟೆಗೆ ಬಂತು. ನಾಳೆ ನೀವು ಏನು ಮಾಡಿದ್ರೂ ಸರಿ. ಇವತ್ತು ಇವಳು ಹಕ್ಕಿ ನೋಡ್ದೆ ನಾನು ಇಲ್ಲಿಂದ ಕದಲಲ್ಲ."

ಇಂಜಿನ್ನು ತಾನಾಗಿಯೇ ಆರಿತೋ, ಡ್ರೈವರು ಆರಿಸಿದನೋ, ನನಗೆ ತಿಳಿಯಲಿಲ್ಲ. ಮ್ಯಾನೇಜರ ಮುಖ ಕೋತಿಟೋಪಿಯೊಳಗೆ ಕೆಂಪೇರಿತು. ಅವರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದರು.

"ಹಾಗಾದ್ರೆ ನೀವು ಇದನ್ನ ಓದ್ದೇನೇ ಸಹಿ ಹಾಕಿದ್ರಾ?"

ಹದಿನೈದು ಸಂಸಾರ ಉಸಿರು ಬಿಗಿಹಿಡಿದು ಕಾಯಿತು. ಮ್ಯಾನೇಜರು ನಿಮಿಷಪ್ಪನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮನುಷ್ಯನ ಬಾಳಿನಲ್ಲಿ ಇಂಥ ಗಳಿಗೆಯಲ್ಲೇ ಅವನ ಯೋಗ್ಯತೆ ಗೊತ್ತಾಗುವುದು.

"ಯಾರು ಹಾಗಂದಿದ್ದು?" ಎಂದು ಗುಡುಗಿದರು. "ಅಕ್ಷರ ಅಕ್ಷರ ಓದಿದೀನಿ! ನಂಗೆ ಟೋಪಿ ಗೊತ್ತಿತ್ತು, ಜಗಳ ಗೊತ್ತಿತ್ತು, ಎಲ್ಲಾ ಗೊತ್ತಿತ್ತು. ಈ ಮನುಷ್ಯ ಸಂಕೋಚಕ್ಕೆ ಏನೇನೋ ಹೇಳ್ತಾನೆ. ಇಂಥ ಗುಮಾಸ್ತ ನಮ್ಮ ಡಿಪೋಗೆ ಬೇಕು ಕಣ್ರೀ!" ಎಂದು, ಕಾಗದದ ಕೆಳಗೆ ಎಂದಿಗಿಂತ ದೊಡ್ಡದಾಗಿ ಸಹಿ ಹಾಕಿದರು. ಅವರ ಹೆಂಡತಿ ನಂಬಿದರೋ ಇಲ್ಲವೋ. ಟೋಪಿಯನ್ನು ಮಾತ್ರ ಪ್ರೀತಿಯಿಂದ ಸರಿಮಾಡಿದರು.

ಕಂಡಕ್ಟರಮ್ಮ ಸಹಿಯನ್ನು ಎರಡು ಸಲ ನೋಡಿ, ಸೀಟಿಯನ್ನು ಜೇಬಿಗೆ ಹಾಕಿಕೊಂಡರು.

ಆಮೇಲೆ ಎಲ್ಲರೂ ಕಾದೆವು. ಪುಟ್ಟಿ ತಾನಾಗಿ ಏಳಲಿ, ಇನ್ನು ಯಾರೂ ಮುಟ್ಟಬೇಡಿ ಎಂದು ಅವಳಮ್ಮ ಹೇಳಿದ್ದಳು. ತಮ್ಮ ಮಕ್ಕಳ ಬಾಯಿಗೆ ಬೆರಳಿಟ್ಟು ಅಪ್ಪಂದಿರು ನಿಂತರು. ಅಜ್ಜಿ ಕೆಮ್ಮನ್ನು ಶಾಲಿನೊಳಗೆ ಅಡಗಿಸಿಕೊಂಡರು. ಮಂಜು ನಿಧಾನವಾಗಿ ತೆಳ್ಳಗಾಯಿತು. ಎದುರು ದಡದ ಮರಗಳು ಕಂಡವು, ಮರಗಳ ತುದಿಗೆ ಬಿಸಿಲು ಬಂತು. ನಿಮಿಷಪ್ಪ ಬಿಸಿಲನ್ನು ನೋಡುತ್ತಾನೆ, ಮಗಳನ್ನು ನೋಡುತ್ತಾನೆ, ಮತ್ತೆ ಬಿಸಿಲನ್ನು ನೋಡುತ್ತಾನೆ. ಬಿಸಿಲು ಮರದಿಂದ ಇಳಿದು ನೀರಿಗೆ ಬಿತ್ತು.

ಹಕ್ಕಿಗಳು ಎದ್ದವು. ಒಂದಲ್ಲ, ಹತ್ತಲ್ಲ, ಇಡೀ ಕೆರೆಯೇ ಎದ್ದ ಹಾಗಿತ್ತು. ಸಾವಿರಾರು ರೆಕ್ಕೆಗಳ ಸದ್ದು ನಮ್ಮ ತಲೆಯ ಮೇಲೆ ಬಂದಾಗ ಮಕ್ಕಳು ಕೂಗುವುದನ್ನೂ ಮರೆತರು. ಆ ಸದ್ದಿಗೆ ಪುಟ್ಟಿ ಅಪ್ಪನ ಹೆಗಲ ಮೇಲೆ ಕಣ್ಣು ಬಿಟ್ಟಳು. ಕಣ್ಣು ಬಿಟ್ಟದ್ದು ನೇರ ಆಕಾಶಕ್ಕೆ. ತಲೆಯ ಮೇಲಿನಿಂದ ಕೊನೆಯ ಹಕ್ಕಿ ದಾಟುವ ತನಕ ಅವಳು ಕಣ್ಣು ಮಿಟುಕಿಸಲಿಲ್ಲ.

"ಅಪ್ಪಾ," ಎಂದಳು ಆಮೇಲೆ, "ನಾವು ಸರಿಯಾದ ಹೊತ್ತಿಗೆ ಬಂದ್ವಿ ಅಲ್ವಾ?"

ನಿಮಿಷಪ್ಪ ಕಂಡಕ್ಟರಮ್ಮನ ಕಡೆ ತಿರುಗಿದ. ಮಗಳು ಉತ್ತರಕ್ಕೆ ಕಾಯುತ್ತಿದ್ದಳು.

ಕಂಡಕ್ಟರಮ್ಮ ಗಡಿಯಾರ ನೋಡಿದರು. ಒಂಬತ್ತು ನಲವತ್ತೇಳು. ಕಾಗದದ ಮೇಲೆ ಪೆನ್ನು ಇಟ್ಟು ಒಂದು ಕ್ಷಣ ಯೋಚಿಸಿದರು.

"ಹೌದು ಮಗಳೇ," ಎಂದರು. "ಒಂದು ನಿಮಿಷ ಕೂಡ ತಡ ಆಗಿಲ್ಲ."